ಎರಡು ಕೀಮೋ ಮುಂದೆ

ಅಕ್ಕನಿಗೆ ಸ್ತನ ಕ್ಯಾನ್ಸರ್ ಎಂದು ಗೊತ್ತಾದ ಮೇಲೆ ಮನೆಗೆ ಬಂದವರೆಲ್ಲ ಹೇಳಿದ್ದು ಒಂದೇ ಮಾತು: “ಏನೂ ಆಗುದಿಲ್ಲ ಮಾರಾಯ್ತಿ.” ಆಪರೇಷನ್ನಿಗೆ ಹೋಗುವಾಗಲೂ ಅದೇ, ಡ್ರೈನ್ ಬಾಟಲಿಯನ್ನು ಬಟ್ಟೆಚೀಲದಲ್ಲಿಟ್ಟುಕೊಂಡು ಮನೆಗೆ ಬಂದಾಗಲೂ ಅದೇ. ಏನೇನು ಆಗುತ್ತದೆ ಎಂದು ಅವಳಿಗೆ ಮೊದಲು ಹೇಳಿದವರು ಕೀಮೋ ವಾರ್ಡಿನಲ್ಲಿ ಪಕ್ಕದ ಹಾಸಿಗೆಯಲ್ಲಿದ್ದ, ಕಾಸರಗೋಡು ಕಡೆಯ ಉಪ್ಪಳದ ಹೆಂಗಸು. ಅಕ್ಕನ ಕೈಗೆ ಕೆಂಪು ಮದ್ದು, ಡಾಕ್ಸೊರುಬಿಸಿನ್, ಇಳಿಯುತ್ತಿತ್ತು. ಆಕೆ ಅದನ್ನು ನೋಡಿ ಹೇಳಿದರು: “ಇವತ್ತು ರಾತ್ರಿ ಮೂತ್ರ ಕೆಂಪು ಹೋಗ್ತದೆ. ರಕ್ತ ಅಲ್ಲ, ಇದರದ್ದೇ ಬಣ್ಣ. ಕೂದಲು ಮುಂದಿನ ಕೀಮೋದ ಹೊತ್ತಿಗೆ ಉದುರ್ಲಿಕ್ಕೆ ಶುರುವಾಗ್ತದೆ, ಈಗಲೇ ಗಿಡ್ಡ ಮಾಡಿಸಿಕೊಳ್ಳಿ. ಬಾಯಿ ಹುಣ್ಣಾದರೆ ಗಂಜಿಗೆ ಉಪ್ಪಿನಕಾಯಿ ಮುಟ್ಟಬೇಡಿ.”

ಆಕೆಯದು ಮೂರನೆಯ ಕೀಮೋ. ಇಪ್ಪತ್ತೊಂದು ದಿನಕ್ಕೊಂದರ ಲೆಕ್ಕದಲ್ಲಿ ಅಕ್ಕನಿಗಿಂತ ಆರು ವಾರ ಮುಂದೆ, ಅಷ್ಟೇ. ಆ ರಾತ್ರಿ ಅಕ್ಕ ಬಚ್ಚಲಿನಿಂದ ಬಂದು “ಅವರು ಹೇಳಿದ ಹಾಗೆಯೇ ಆಯಿತು” ಎಂದು ಮಲಗಿ ನಿದ್ದೆ ಮಾಡಿದಳು. ಕಾಯಿಲೆ ಗೊತ್ತಾದ ಮೇಲೆ ಅವಳು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ. ಧೈರ್ಯ ತುಂಬುವುದೆಂದರೆ ಬೆನ್ನು ತಟ್ಟುವುದು ಎಂದುಕೊಂಡಿದ್ದ ನಮಗೆ ಅದು ಸಾಧ್ಯವಾಗಿರಲಿಲ್ಲ. ಆಕೆ ಧೈರ್ಯದ ಸುದ್ದಿಯನ್ನೇ ಎತ್ತಿರಲಿಲ್ಲ. ನಾಳೆಯ ಬೆಳಗನ್ನು ಇವತ್ತೇ ತಿಳಿಸಿದ್ದರು. ಡಾಕ್ಟರಿಗೆ ಗೊತ್ತಿರುವುದು ಅದಕ್ಕಿಂತ ಸಾವಿರ ಪಾಲು ಹೆಚ್ಚು. ಆದರೆ ಮೊನ್ನೆಯಷ್ಟೇ ಅದೇ ಬಚ್ಚಲಿನಲ್ಲಿ ಹೆದರಿದವರ ಮಾತಿಗೆ ಬೇರೆಯೇ ತೂಕ.

ಮಂಗಳೂರಿನಲ್ಲಿ ಇಂಥ ಭೇಟಿಗಳು ದಿನವೂ ನಡೆಯುತ್ತವೆ. ದೇರಳಕಟ್ಟೆ, ಕಂಕನಾಡಿ, ಅತ್ತಾವರ, ಪಂಪ್‌ವೆಲ್ ಎಂದು ಊರ ತುಂಬ ದೊಡ್ಡಾಸ್ಪತ್ರೆಗಳಿವೆ. ಕಾಸರಗೋಡು, ಕೊಡಗು, ಉತ್ತರ ಕನ್ನಡದ ಕಡೆಯಿಂದೆಲ್ಲ ಜನ ಬರುತ್ತಾರೆ. 2020ರ ಮಾರ್ಚ್ ಕೊನೆಯಲ್ಲಿ ಕೋವಿಡ್ ಬಂದು ಕೇರಳದ ಕಡೆಯ ತಲಪಾಡಿ ಗಡಿಯನ್ನು ಮುಚ್ಚಿದಾಗ ಕಾಸರಗೋಡಿನ ರೋಗಿಗಳು ಪಟ್ಟ ಪಾಡು, ದಾರಿಯಲ್ಲೇ ಹೋದ ಜೀವಗಳು ಇನ್ನೂ ಮರೆತಿಲ್ಲ. ಹೊರಗೆ ಯಾರು ಯಾರ ಪಕ್ಕ ಕೂರಬೇಕೆಂದು ಜಗಳವಾಡುವ ಈ ಊರಿನಲ್ಲಿ ಕೀಮೋ ವಾರ್ಡಿನ ಒಳಗೆ ತುಳು, ಕೊಂಕಣಿ, ಬ್ಯಾರಿ, ಮಲಯಾಳ ಒಂದೇ ಕೋಣೆಯಲ್ಲಿ ನರಳುತ್ತವೆ. ಬೋಳುತಲೆಗೆ ಶಾಲು ಜಾರದಂತೆ ಪಿನ್ ಹಾಕುವುದನ್ನು ಅಕ್ಕನಿಗೆ ಕಲಿಸಿಕೊಟ್ಟದ್ದು ಒಬ್ಬ ಬ್ಯಾರಿ ಹುಡುಗಿ.

ಅಲ್ಲಿ ಕೇಳಿಬರುವ ಪ್ರಶ್ನೆಗಳು ಸಾವಿನ ಬಗ್ಗೆ ಅಲ್ಲ. ಬಾವಿಯಿಂದ ನೀರು ಸೇದಬಹುದಾ? ಬೀಡಿ ಯಾವಾಗಿಂದ ಕಟ್ಟಬಹುದು? ಸ್ತನದ ಜೊತೆಗೆ ಕಂಕುಳಿನ ದುಗ್ಧಗ್ರಂಥಿಗಳನ್ನೂ ತೆಗೆದರೆ ಆ ಕೈಯ ನೀರು ಸರಿಯಾಗಿ ಹರಿದುಹೋಗದೆ ಕೈ ಊದಿಕೊಳ್ಳಬಹುದು. ವರ್ಷಗಳ ನಂತರವೂ ಊದಬಹುದು. ಬೆರಳುಗಳನ್ನು ಗೋಡೆಯ ಮೇಲೆ ಹತ್ತಿಸುವ ವ್ಯಾಯಾಮ ಮಾಡುವಾಗ ಬಂಟ್ವಾಳ ಕಡೆಯ ಒಬ್ಬರು ಅಳುತ್ತಿದ್ದರು. ನೋವಿಗಲ್ಲ. ಎಲೆ ಕತ್ತರಿಸುವ ಕತ್ತರಿ ಹಿಡಿಯುವುದು ಅದೇ ಬಲಗೈಯಲ್ಲಿ, ಬೀಡಿಯ ಕೂಲಿ ಸಾವಿರಕ್ಕೆ ಇಷ್ಟೆಂದು. ಕೈ ನಿಂತರೆ ದುಡ್ಡೂ ನಿಂತಿತು. ಅವರಿಗೆ ಉತ್ತರ ಸಿಕ್ಕಿದ್ದು ವರ್ಷದ ಹಿಂದೆ ಆಪರೇಷನ್ ಆದ ಇನ್ನೊಬ್ಬ ಬೀಡಿ ಕಟ್ಟುವವರಿಂದ. ಎಲೆ ಕತ್ತರಿಸುವುದನ್ನು ಮಗಳಿಗೆ ಬಿಡಿ, ಸುರುಳಿ ಸುತ್ತುವುದನ್ನಷ್ಟೇ ನೀವು ಮಾಡಿ, ಸ್ವಲ್ಪ ಹೊತ್ತಿಗೊಮ್ಮೆ ಎದ್ದು ಕೈಯನ್ನು ದಿಂಬಿನ ಮೇಲೆ ಎತ್ತಿಡಿ. ಕೆಲಸವನ್ನು ಹೀಗೆ ಎರಡು ಪಾಲು ಮಾಡಿ ಹೇಳಲು ಬೀಡಿ ಕಟ್ಟಿದವರಿಗೇ ಗೊತ್ತು.

ರೋಗಿಯೇ ರೋಗಿಯನ್ನು ಕಾಣಲು ಹೋಗುವ ಪದ್ಧತಿಗೆ ಒಂದು ಚರಿತ್ರೆಯಿದೆ. ನ್ಯೂಯಾರ್ಕಿನ ಟೆರೀಸ್ ಲ್ಯಾಸರ್ ಸ್ತನ ತೆಗೆಸಿಕೊಂಡ ಮೇಲೆ, ಮುಂದೇನು ಎಂದು ಹೇಳುವವರೇ ಇಲ್ಲದ್ದನ್ನು ಕಂಡು, 1952ರಲ್ಲಿ ತಾವೇ ಆಸ್ಪತ್ರೆಗಳಿಗೆ ಹೋಗಿ ಅಂಥ ಹೆಂಗಸರನ್ನು ಮಾತನಾಡಿಸತೊಡಗಿದರು. ‘ರೀಚ್ ಟು ರಿಕವರಿ’ ಎಂಬ ಆ ಕೆಲಸ ಮುಂದೆ ಹಲವು ದೇಶಗಳಿಗೆ ಹಬ್ಬಿತು. ಆದರೆ 1978ರಲ್ಲಿ ಆ ಸಂಸ್ಥೆಯ ಸ್ವಯಂಸೇವಕಿ ಕಪ್ಪು ಕವಯಿತ್ರಿ ಆಡ್ರಿ ಲಾರ್ಡ್ ಅವರ ಹಾಸಿಗೆಯ ಬಳಿಗೆ ಬಂದಾಗ ತಂದದ್ದು ತಿಳಿಗುಲಾಬಿ ಬಣ್ಣದ, ಉಣ್ಣೆ ತುಂಬಿದ ಕೃತಕ ಸ್ತನ. ಲಾರ್ಡ್ ಅದನ್ನು ಒಪ್ಪಲಿಲ್ಲ. ಬಣ್ಣವೂ ತಮ್ಮದಲ್ಲ, ಅದಕ್ಕಿಂತ ಹೆಚ್ಚಾಗಿ, ಏನೂ ಆಗಿಲ್ಲವೆಂಬಂತೆ ತೋರಿಸಿಕೊಂಡರೆ ಇದೇ ಕಾಯಿಲೆಯ ಹೆಂಗಸರು ಒಬ್ಬರನ್ನೊಬ್ಬರು ಗುರುತಿಸುವುದು ಹೇಗೆ ಎಂದು ಬರೆದರು. ನಮ್ಮ ಅಕ್ಕ ಹತ್ತಿ ತುಂಬಿ, ತೂಕಕ್ಕೆ ಸಾಸಿವೆ ಹಾಕಿ ಹೊಲಿದದ್ದನ್ನು ಮದುವೆಮನೆಗೆ ಹಾಕಿಕೊಳ್ಳುತ್ತಾಳೆ, ವಾರ್ಡಿಗೆ ಹೋಗುವಾಗ ತೆಗೆದಿಡುತ್ತಾಳೆ. ಇಬ್ಬರೂ ಸರಿ ಎಂದೇ ನನಗೆ ಅನಿಸುತ್ತದೆ.

ಇಂಥ ಒಡನಾಟ ಆಯುಷ್ಯ ಹೆಚ್ಚಿಸುತ್ತದೆಯೇ? ಹೌದೆಂದು 1989ರಲ್ಲಿ ಅಮೆರಿಕದ ಮನೋವೈದ್ಯ ಡೇವಿಡ್ ಸ್ಪೀಗಲ್ ಅವರ ಅಧ್ಯಯನ ಹೇಳಿತ್ತು. ವಾರಕ್ಕೊಮ್ಮೆ ಗುಂಪಾಗಿ ಕೂತು ಮಾತನಾಡಿದ ಹೆಂಗಸರು ಗುಂಪಿನಲ್ಲಿಲ್ಲದವರಿಗಿಂತ ಸರಾಸರಿ ಎರಡು ಪಟ್ಟು ಕಾಲ ಬದುಕಿದ್ದರು. 2001ರಲ್ಲಿ ಕೆನಡಾದ ದೊಡ್ಡ ಅಧ್ಯಯನಕ್ಕೆ ಆ ಫಲ ಕಾಣಲಿಲ್ಲ. ಮುಂದೆ ಸ್ಪೀಗಲ್ ಅವರೇ ಮತ್ತೊಮ್ಮೆ ನೋಡಿದಾಗಲೂ ಒಟ್ಟಾರೆ ಆಯುಷ್ಯ ಹೆಚ್ಚಿರಲಿಲ್ಲ. ಆದರೆ ಕೆನಡಾದ ಹೆಂಗಸರಲ್ಲಿ ಸಂಕಟ ಕಡಿಮೆಯಾಗಿತ್ತು, ನೋವಿನ ಬಾಧೆಯೂ ಕಡಿಮೆಯಾಗಿತ್ತು. ನನಗೆ ಅಷ್ಟು ಸಾಕು. ಒಂದು ಸಂಗತಿಯನ್ನು ಮಾತ್ರ ಗಮನಿಸಬೇಕು: ಆ ಗುಂಪುಗಳಲ್ಲಿದ್ದವರೆಲ್ಲ ಕ್ಯಾನ್ಸರ್ ಸ್ತನದಾಚೆಗೆ ಹರಡಿದ್ದವರು. ನಮ್ಮ ಒಡನಾಟ ಮುರಿಯುವುದು ಅಲ್ಲಿಯೇ.

ಉಪ್ಪಳದ ಆ ಹೆಂಗಸಿಗೆ ಕಾಯಿಲೆ ಮೂಳೆಗೆ ಮರಳಿತು. ಸುದ್ದಿ ತಿಳಿದ ಮೇಲೆ ವಾರ್ಡಿನ ಗೆಳತಿಯರು ಫೋನ್ ಮಾಡುವುದನ್ನು ಕಡಿಮೆ ಮಾಡಿದರು. ಯಾರೂ ಕಲ್ಲುಮನಸ್ಸಿನವರಲ್ಲ. ಇಷ್ಟು ದಿನ ಪ್ರತಿ ತಿರುವಿನಲ್ಲೂ ತಮಗಿಂತ ಮುಂದಿದ್ದವರು ಈಗಲೂ ಮುಂದೆಯೇ ಇದ್ದಾರೆ ಎಂಬ ಭಯ ಅದು. ಒಬ್ಬರ ಗಡ್ಡೆಯ ಸ್ವಭಾವ ಇನ್ನೊಬ್ಬರದ್ದಲ್ಲ, ಹಾರ್ಮೋನಿಗೆ ಸ್ಪಂದಿಸುವುದು ಬೇರೆ, ಸ್ಪಂದಿಸದ್ದು ಬೇರೆ ಎಂದು ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಕೈ ಫೋನಿನತ್ತ ಹೋಗುವುದಿಲ್ಲ.

ಅಕ್ಕ ಕೊನೆಗೂ ಉಪ್ಪಳದ ಬಸ್ ಹತ್ತಿದಳು, ನಾನೂ ಹೋದೆ. ಮಾತು ಮೊದಲಿನಂತೆಯೇ ಶುರುವಾಯಿತು. “ಮಾರ್ಫಿನ್ ಅಂದರೆ ಕೊನೆ ಅಂತ ಹೇಳ್ತಾರೆ, ನಂಬಬೇಡಿ. ಅದು ತಗೊಂಡ ಮೇಲೆಯೇ ನಾನು ಎದ್ದು ಕೂತದ್ದು. ಆದರೆ ಹೊಟ್ಟೆ ಕಟ್ಟುತ್ತದೆ, ಅದಕ್ಕೂ ಮದ್ದು ಮೊದಲ ದಿನದಿಂದಲೇ ಕೇಳಿ ತಗೊಳ್ಳಬೇಕು.” ನಾವಿದ್ದಾಗಲೇ ಪಂಚಾಯತಿನ ಉಪಶಮನ ಆರೈಕೆಯ ನರ್ಸ್ ಮನೆಗೆ ಬಂದರು. ಕೇರಳ ಇದಕ್ಕೆಂದೇ 2008ರಲ್ಲಿ ನೀತಿ ರೂಪಿಸಿದ ರಾಜ್ಯ. ಅಕ್ಕ ಅವರನ್ನು ಕೇಳಿದಳು: “ತಲಪಾಡಿಯಿಂದ ಆಚೆಗಿನವರ ಮನೆಗೆ ಹೀಗೆ ಯಾರು ಬರ್ತಾರೆ?” ಅವರಿಗೆ ಗೊತ್ತಿರಲಿಲ್ಲ. ಅಕ್ಕ ಈಗ ಚೆಕಪ್ಪಿಗೆ ಹೋದಾಗಲೆಲ್ಲ ಅದನ್ನೇ ಕೇಳುತ್ತಾಳೆ, ಡಾಕ್ಟರಲ್ಲಿಯೂ, ಕೌಂಟರಿನಲ್ಲಿ ಕೂತವರಲ್ಲಿಯೂ.