ವಯಸ್ಸೆಂಬ ಅಳತೆಗೋಲು

ಮುಪ್ಪು ಎಲ್ಲರಿಗೂ ಬರತಕ್ಕುದೇ. ಆದರೆ ಉದ್ಯೋಗಸ್ಥಾನಗಳಲ್ಲಿ ಅದು ಗಂಡಸಿಗಿಂತ ಮೊದಲು ಹೆಂಗಸಿಗೆ ಬಂದುಬಿಡುವುದೇಕೆ? ಇದನ್ನು ವಿಚಾರಿಸುವುದಕ್ಕೆ ನಮ್ಮ ದೇಶದ ಒಂದು ವ್ಯಾಜ್ಯವು ತಕ್ಕ ನಿದರ್ಶನವಾಗಿದೆ.

ಏರ್ ಇಂಡಿಯಾ ಸಂಸ್ಥೆಯಲ್ಲಿ ಗಗನಸಖಿಯರೂ ಪರ್ಸರ್ ಎಂಬ ಪುರುಷ ನೌಕರರೂ ಒಂದೇ ವಿಮಾನದಲ್ಲಿ ಪ್ರಯಾಣಿಕರ ಯೋಗಕ್ಷೇಮವನ್ನು ನೋಡಿಕೊಳ್ಳುತ್ತಿದ್ದರು. ಪುರುಷರ ನಿವೃತ್ತಿ 58ನೆಯ ವಯಸ್ಸಿಗೆ, ಸ್ತ್ರೀಯರದಾದರೋ 35ಕ್ಕೆ. ಸೇವೆಗೆ ಸೇರಿದ ನಾಲ್ಕು ವರ್ಷದೊಳಗೆ ವಿವಾಹವಾದರೆ, ಇಲ್ಲವೆ ಮೊದಲ ಸಲ ಗರ್ಭವತಿಯಾದರೆ, ಅದಕ್ಕೂ ಮುಂಚೆಯೇ. ಮೇಲಧಿಕಾರಿಯು ಮನಸ್ಸುಮಾಡಿದಲ್ಲಿ ವರ್ಷ ವರ್ಷಕ್ಕೂ ಅನುಮತಿಯಿತ್ತು 45ರವರೆಗೆ ಉಳಿಸಿಕೊಳ್ಳಬಹುದಾಗಿತ್ತು. ಪ್ರತಿವರ್ಷವೂ ಒಬ್ಬರ ಅನುಗ್ರಹಕ್ಕಾಗಿ ಕಾದು ನಿಲ್ಲುವವಳ ಮನಃಸ್ಥಿತಿಯನ್ನು ವಾಚಕರೇ ಊಹಿಸಿಕೊಳ್ಳಲಿ.

ನರ್ಗೇಶ್ ಮಿರ್ಜಾ ಮೊದಲಾದವರ ಈ ವ್ಯಾಜ್ಯವನ್ನು ಸರ್ವೋಚ್ಚ ನ್ಯಾಯಾಲಯವು 1981ರಲ್ಲಿ ತೀರ್ಮಾನಿಸಿತು. ಗರ್ಭದ ನಿಬಂಧನೆಯನ್ನೂ ಮೇಲಧಿಕಾರಿಯ ಇಚ್ಛೆಯನ್ನೂ ತೆಗೆದುಹಾಕಿತು. ಪ್ರಯಾಣಿಕರ ಅಭಿರುಚಿಗಾಗಿ ತರುಣಿಯರೇ ಬೇಕೆಂಬ ವಾದವನ್ನು ಖಂಡಿಸಿ, ಅನುಭವವುಳ್ಳ ಹಿರಿಯ ಸ್ತ್ರೀಯರು ಈ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡಬಲ್ಲರೆಂದು ಹೇಳಿತು. ಇಷ್ಟು ಹೇಳಿದ ಮೇಲೆಯೂ 45ರ ಮಿತಿ ನಿಂತೇ ನಿಂತಿತು! ಸ್ತ್ರೀಯರ ನೇಮಕ, ಬಡ್ತಿ, ನಿಬಂಧನೆಗಳು ಬೇರೆಯಾದ ಕಾರಣ ಅವರದು ಬೇರೆಯೇ ವರ್ಗ. ಪುರುಷರೊಡನೆ ಹೋಲಿಕೆ ಸಲ್ಲದು ಎಂಬುದು ಅದರ ಕಾರಣ.

ನನ್ನ ಬುದ್ಧಿಗೆ ತೊಡಕಾಗುವುದು ಇಲ್ಲಿಯೇ. ಆ ವರ್ಗಗಳನ್ನು ಮಾಡಿದವರು ಯಾರು? ಕೆಲಸ ಕೊಟ್ಟವರೇ ಅಲ್ಲವೆ? ಮೊದಲು ಬೇರೆ ಪಂಕ್ತಿಯಲ್ಲಿ ಕುಳ್ಳಿರಿಸಿ, ಆಮೇಲೆ ಪಂಕ್ತಿ ಬೇರೆಯಾದುದರಿಂದ ಬಡಿಸುವುದೂ ಬೇರೆ ಎಂದರೆ, ಪಂಕ್ತಿಭೇದಕ್ಕೆ ಪಂಕ್ತಿಭೇದವೇ ಪ್ರಮಾಣವಾದಂತಾಯಿತು.

ವಿಮಾನದ ಕೆಲಸಕ್ಕೆ ದೇಹದಾರ್ಢ್ಯ ಬೇಕೆಂದು ಕೆಲವರು ಹೇಳಿಯಾರು. ಒಪ್ಪತಕ್ಕ ಮಾತು. ಬೆಂಕಿಹೊತ್ತಿದ ವಿಮಾನದಿಂದ ಜನರನ್ನು ಇಳಿಸುವುದು ಅಶಕ್ತರಿಂದ ಆಗತಕ್ಕುದಲ್ಲ. ಹಾಗಾದರೆ ವೈದ್ಯನು ಪರೀಕ್ಷಿಸಲಿ. ಹುಟ್ಟಿದ ದಿನದ ಲೆಕ್ಕವೇಕೆ? ಗಂಡಸಿನ ಮಂಡಿಯೂ ಐವತ್ತಕ್ಕೆ ನೋಯುವುದುಂಟು. ಮೇಲಾಗಿ, 45ಕ್ಕೂ 58ಕ್ಕೂ ನಡುವಣ ಹದಿಮೂರು ವರ್ಷಗಳೆಂದರೆ ಅನೇಕ ಮನೆಗಳಲ್ಲಿ ಮಕ್ಕಳ ವಿದ್ಯಾಭ್ಯಾಸದ ಕಾಲ, ತಂದೆತಾಯಿಗಳ ಕಾಯಿಲೆಯ ಕಾಲ. ಆಗ ಸಂಬಳ ನಿಂತ ಹೆಂಗಸಿಗೆ ಹೊಸ ಕೆಲಸ ಕೊಡುವವರಾದರೂ ಮೊದಲು ಕೇಳುವುದು ವಯಸ್ಸನ್ನೇ.

2003ರಲ್ಲಿ ಇಂತಹುದೇ ಇನ್ನೊಂದು ವ್ಯಾಜ್ಯದಲ್ಲಿ, ಸ್ತ್ರೀಯರು 50ರವರೆಗೆ ಮಾತ್ರ ಹಾರಿ ಬಳಿಕ ನೆಲದ ಮೇಲಿನ ಕೆಲಸಕ್ಕೆ ಇಳಿಯಬೇಕೆಂಬ ಏರ್ಪಾಟನ್ನು ಅದೇ ನ್ಯಾಯಾಲಯವು ಒಪ್ಪಿತು. ಆಮೇಲೆ ಅವರಿಗೂ 58ರವರೆಗೆ ಹಾರುವ ಅವಕಾಶ ದೊರಕಿತು. ಅಷ್ಟರಲ್ಲಿ ಇಳಿದುಹೋದವರ ವರ್ಷಗಳು ಯಾವ ಲೆಕ್ಕಕ್ಕೂ ಬರಲಿಲ್ಲ.