ದಣಿವಿಗೆ ಪ್ರಮಾಣವೇನು?

ಶಹಾಬಾದಿನ ಗಣಿಯಲ್ಲಿ ಹಾಸುಗಲ್ಲನ್ನು ಪದರಪದರವಾಗಿ ಎಬ್ಬಿಸುವವನಾಗಲಿ, ವಾಡಿಯಲ್ಲಿ ಸಿಮೆಂಟಿನ ಚೀಲ ಹೊರುವವನಾಗಲಿ, ಚಿಂಚೋಳಿಯ ಸೀಮೆಯಲ್ಲಿ ದಿನವಿಡೀ ಬಾಗಿ ತೊಗರಿ ಕೊಯ್ಯುವವಳಾಗಲಿ, ದವಾಖಾನೆಯ ಮೇಜಿನೆದುರು ನಿಂತು ‘ಮೈಯಾಗ ಶಕ್ತೀನೇ ಇಲ್ರಿ, ಕೈಕಾಲು ಸೋತಾವ್ರಿ’ ಎಂದಾಗ, ಆ ಮಾತಿನಲ್ಲಿ ಯಾವುದನ್ನು ನಂಬತಕ್ಕದ್ದು, ಯಾವುದನ್ನು ಶಂಕಿಸತಕ್ಕದ್ದು ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಾಗುವುದಕ್ಕೆ ಮೊದಲೇ ಪ್ರಮಾಣಶಾಸ್ತ್ರದ ಪ್ರಶ್ನೆಯಾಗಿದೆ.

ವಿಶ್ವ ಆರೋಗ್ಯ ಸಂಸ್ಥೆಯು 1990ರಲ್ಲಿ ಅಂಗೀಕರಿಸಿದ ರೋಗವರ್ಗೀಕರಣದ ಹತ್ತನೆಯ ಪರಿಷ್ಕರಣವು ಇಂಥ ಆಯಾಸಕ್ಕೆ ಆರ್53 ಎಂಬ ಸಂಕೇತವನ್ನಿತ್ತು, ಬೇರೆಲ್ಲಿಯೂ ಸೇರದ ಲಕ್ಷಣಗಳ ಅಧ್ಯಾಯದಲ್ಲಿ ಅದನ್ನಿರಿಸಿದೆ. ಕಾರಣವು ಇನ್ನೂ ತಿಳಿದಿಲ್ಲವೆಂಬ ಈ ಒಪ್ಪಿಗೆ ಪ್ರಾಮಾಣಿಕವಾದದ್ದೇ. ಆದರೆ ಅವಸರದ ಲೇಖನಿಯಲ್ಲಿ ಅದು ‘ಜನರಲ್ ವೀಕ್‌ನೆಸ್’ ಎಂಬೆರಡು ಪದಗಳಾಗಿ, ಅದರ ಕೆಳಗೊಂದು ಬಿ-ಕಾಂಪ್ಲೆಕ್ಸ್ ಮಾತ್ರೆಯಾಗಿ ಮುಗಿದುಹೋಗುತ್ತದೆ. ಕಾರಣ ತಿಳಿಯದೆಂಬುದು ದಣಿವೇ ಇಲ್ಲವೆಂಬ ಗುಮಾನಿಯಾಗಲು ಹೆಚ್ಚು ಹೊತ್ತು ಬೇಡ.

ಈ ಗುಮಾನಿಯನ್ನು ಪ್ರಮಾಣಶಾಸ್ತ್ರದ ಮುಂದಿಟ್ಟು ನೋಡೋಣ. ಸೇಡಂ ತಾಲೂಕಿನ ಮಳಖೇಡದಲ್ಲಿ, ಕಾಗಿಣಾ ನದಿಯ ದಡದಲ್ಲಿ, ‘ನ್ಯಾಯಸುಧೆ’ಯನ್ನು ರಚಿಸಿದ ಟೀಕಾಚಾರ್ಯ ಜಯತೀರ್ಥರ ವೃಂದಾವನವೆಂದು ಭಕ್ತರು ಪೂಜಿಸುವ ಸನ್ನಿಧಿಯಿದೆ. ಅವರು ವ್ಯಾಖ್ಯಾನಿಸಿದ ಮಧ್ವಮತದಲ್ಲಿ ಕಣ್ಣು ತಪ್ಪಬಹುದು, ಕಿವಿ ತಪ್ಪಬಹುದು, ಮನಸ್ಸೂ ತಪ್ಪಬಹುದು. ಸುಖದುಃಖಗಳನ್ನು ನೇರವಾಗಿ ಅರಿಯುವ ಸಾಕ್ಷಿ ಮಾತ್ರ ತಪ್ಪದು. ಈ ಸಿದ್ಧಾಂತವನ್ನು ಹೊರರೋಗಿ ವಿಭಾಗಕ್ಕೆ ತಂದರೆ, ದಣಿವಿನ ವಿಷಯದಲ್ಲಿ ರೋಗಿಯ ಅರಿವೇ ಪರಮಪ್ರಮಾಣ. ‘ಬಿಸಿಲಿಗೆ ಹಿಂಗಾಗೇದ್ರಿ’ ಎಂಬ ಆ ರೋಗಿಯ ಕಾರಣಕಲ್ಪನೆಯಾದರೋ ಅನುಮಾನವಾದುದರಿಂದ ವೈದ್ಯರ ಪರೀಕ್ಷೆಗೆ ಒಳಪಡತಕ್ಕದ್ದು.

ಚಿತ್ತಾಪುರ ತಾಲೂಕಿನ ಸನ್ನತಿಯ ಬಳಿ, ಭೀಮಾತೀರದ ಕನಗನಹಳ್ಳಿಯಲ್ಲಿ ಸ್ತೂಪವನ್ನೆತ್ತಿದ ಬೌದ್ಧರು ಸ್ಥಿರವಾದ ಆತ್ಮವನ್ನೇ ಒಪ್ಪರು; ಅವರ ಲೆಕ್ಕದಲ್ಲಿ ದಣಿದವನನ್ನು ಹುಡುಕಹೊರಟರೆ ಕೈಗೆ ಸಿಗುವುದು ದಣಿವಷ್ಟೆ. (ಹೆಸರನ್ನು ಬಿಟ್ಟು ಸಂಕೇತವನ್ನಷ್ಟೇ ಎಣಿಸುವ ಇಂದಿನ ಅಂಕಿಅಂಶದವರು ತಮಗರಿವಿಲ್ಲದೆಯೇ ಬೌದ್ಧರಾಗಿದ್ದಾರೆನ್ನಬಹುದೇನೋ!) ಆತ್ಮದ ವಿಷಯದಲ್ಲಿ ಎಂದಿಗೂ ಕೂಡಿಬಾರದ ಈ ಮತಗಳೆರಡೂ ದುಃಖವುಂಟೆಂಬಲ್ಲಿ ಮಾತ್ರ ತಕರಾರೆತ್ತುವುದಿಲ್ಲ.

ಇನ್ನು, ರಕ್ತಪರೀಕ್ಷೆಯಲ್ಲಿ ಕಬ್ಬಿಣದ ಕೊರತೆಯ ರಕ್ತಹೀನತೆ ಕಂಡಿತೆನ್ನಿ. ಅದರ ಸಂಕೇತವಾದ ಡಿ50 ಬಂದು ಕೂರುತ್ತದೆ, ಆರ್53 ಎದ್ದುಹೋಗುತ್ತದೆ. ರೋಗದಲ್ಲಿಯೇ ಅಡಗಿದ ಲಕ್ಷಣವನ್ನು ಬೇರೆಯಾಗಿ ನಮೂದಿಸಬೇಕಿಲ್ಲವೆಂಬುದು ಸಂಕೇತಲೇಖನದ ವಾಡಿಕೆ. ಲೆಕ್ಕಕ್ಕೆ ಇದು ಸರಿಯೇ. ಆದರೆ ತಿಂಗಳುಗಟ್ಟಲೆ ಕಬ್ಬಿಣದ ಮಾತ್ರೆ ನುಂಗಬೇಕಾದ ಹೆಂಗಸಿನ ದಣಿವು ಅದೇ ದಿನ ಎದ್ದುಹೋಗದು. ಆದುದರಿಂದ ಸಂಕೇತ ಏನೇ ಇರಲಿ, ಕೇಸ್ ಪೇಪರಿನಲ್ಲಿ ಅವಳ ಮಾತು ಉಳಿಯಬೇಕು: ಎಷ್ಟು ವಾರದಿಂದ, ನಿದ್ದೆ ಮಾಡಿದರೆ ತಗ್ಗುವುದೋ ಇಲ್ಲವೋ, ಕೊಡ ಹೊತ್ತು ನಡೆದರೆ ಏದುಸಿರು ಬರುವುದೋ, ಸಂಜೆಯ ಜ್ವರ, ಬಿಡದ ಕೆಮ್ಮುಗಳುಂಟೋ, ಮುಟ್ಟಿನಲ್ಲಿ ರಕ್ತ ಹೆಚ್ಚೋ. ಕ್ಷಯವನ್ನು ಶಂಕಿಸಿ ಕಫವನ್ನು ಮೊದಲು ಕಳುಹಿಸಬೇಕೋ, ಥೈರಾಯ್ಡನ್ನೋ ಸಕ್ಕರೆಯನ್ನೋ ಮೊದಲು ನೋಡಬೇಕೋ ಎಂಬುದು ಆ ನಾಲ್ಕು ಸಾಲುಗಳಿಂದ ತಿಳಿಯಬಹುದೇ ಹೊರತು ಆರ್53ರಿಂದಲ್ಲ.