ಹೆಸರಿನ ಹಂಗು

ಗ್ರಹಗಳ ಮೇಲಣ ಬೆಟ್ಟ, ಕಣಿವೆ, ಕುಳಿಗಳ ಹೆಸರುಗಳಿಗೆ ಮುದ್ರೆಯೊತ್ತುವ ಅಧಿಕಾರ 1919ರಲ್ಲಿ ಸ್ಥಾಪಿತವಾದ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ್ದು. ಅದರ ಕಟ್ಟಳೆಗಳು ಕುತೂಹಲಕರವಾಗಿವೆ. ಬುಧನ ಕುಳಿಗಳಿಗೆ ಕವಿ, ಕಲಾವಿದ, ಸಂಗೀತಗಾರರ ಹೆಸರು; ಅವರ ಕೀರ್ತಿ 50 ವರ್ಷಕ್ಕೂ ಮಿಕ್ಕಿ ನಿಂತಿರಬೇಕು, ಅವರು ತೀರಿಕೊಂಡು 3 ವರ್ಷವಾದರೂ ಆಗಿರಬೇಕು. ವಾಲ್ಮೀಕಿ, ವ್ಯಾಸ, ಕಾಳಿದಾಸ, ತ್ಯಾಗರಾಜರು ಅಲ್ಲಿ ಈಗಾಗಲೇ ನೆಲಸಿದ್ದಾರೆ. ಮಂಗಳದಲ್ಲಾದರೋ ದೊಡ್ಡ ಕುಳಿಗಳು ಗತಿಸಿದ ವಿಜ್ಞಾನಿಗಳಿಗೆ ಮೀಸಲು. ಸಣ್ಣವಕ್ಕೆ ಭೂಮಿಯ ಊರುಗಳ ಹೆಸರು. ಆ ಊರಿನ ಜನಸಂಖ್ಯೆ ಸುಮಾರು ಒಂದು ಲಕ್ಷದೊಳಗಿರಬೇಕು.

ಈ ಅಳತೆಗೋಲನ್ನು ಹಿಡಿದು ಬಾಗಲಕೋಟೆ ಜಿಲ್ಲೆಯತ್ತ ನೋಡೋಣ. 2011ರ ಜನಗಣತಿಯಂತೆ ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ನಾಲ್ಕೂ ಲಕ್ಷದೊಳಗಿನ ಊರುಗಳೇ. ಮುಧೋಳದ ರನ್ನನಂತೂ ಬುಧನಿಗೆ ಸಲ್ಲತಕ್ಕವನು. ಬಳೆಗಾರರ ಮನೆಯಲ್ಲಿ ಹುಟ್ಟಿ ಕವಿಚಕ್ರವರ್ತಿಯೆನಿಸಿದವನ ಕೀರ್ತಿಗೆ ಸಾವಿರ ವರ್ಷ ತುಂಬಿದೆ.

ಆದರೆ ಕವಿಯ ಹೆಸರಿಡುವುದೂ ಊರಿನ ಹೆಸರಿಡುವುದೂ ಒಂದೇ ಅಲ್ಲ. ಮೊದಲನೆಯದು ಗೌರವ. ಎರಡನೆಯದರಲ್ಲಿ ಯಾವ ಊರನ್ನೂ ಸ್ಮರಿಸುವ ಉದ್ದೇಶವಿಲ್ಲವೆಂದು ಒಕ್ಕೂಟವೇ ಬರೆದಿಟ್ಟಿದೆ. ಕುಳಿಗಳು ಅಸಂಖ್ಯ; ಅವಕ್ಕೆ ಹೆಸರುಗಳ ದೊಡ್ಡ ಕಣಜವೇ ಬೇಕು; ಊರುಗಳು ಆ ಕಣಜ, ಅಷ್ಟೆ. ಹೀಗಿರುವಾಗ ನಾಳೆ ಮಂಗಳದ ನಕ್ಷೆಯಲ್ಲಿ ಜಮಖಂಡಿಯ ಹೆಸರು ಮೂಡಿತೆನ್ನಿ. ಜಮಖಂಡಿಯವರು ಹಿಗ್ಗಬೇಕೆ?

ಹಿಗ್ಗಿದರೆ ತಪ್ಪೇನಿಲ್ಲ. ಆದರೆ ಊರಿನ ಹೆಸರು ಬದುಕುವುದೆಲ್ಲಿ ಎಂಬುದನ್ನು ಬೀಳಗಿ ತಾಲೂಕಿನವರನ್ನು ಕೇಳಿ ತಿಳಿಯಬೇಕು. ಆಲಮಟ್ಟಿ ಜಲಾಶಯದ ಹಿನ್ನೀರಿನಲ್ಲಿ ಅಲ್ಲಿಯ ಎಷ್ಟೋ ಹಳ್ಳಿಗಳು ಮುಳುಗಿದವು. ಜನ ಪುನರ್ವಸತಿ ಕೇಂದ್ರಗಳಿಗೆ ಹೋಗುವಾಗ ಗಂಟುಮೂಟೆಯೊಡನೆ ಊರಿನ ಹೆಸರನ್ನೂ ಹೊತ್ತೊಯ್ದರು. ನೆಲ ಹೋಯಿತು, ಹೆಸರು ಉಳಿಯಿತು. ಕರೆಯುವ ಬಾಯಿಗಳಿದ್ದುದರಿಂದ ಉಳಿಯಿತು. ಮಂಗಳದ ಕುಳಿಗೆ ನೆಲವುಂಟು, ಹೆಸರೂ ಉಂಟು, ಕರೆಯುವವರಿಲ್ಲ.

ಆದ್ದರಿಂದ ಊರಿನ ಹೆಸರು ಬಿರುದಲ್ಲ, ಹಂಗು. ಬಿರುದು ಪಡೆದವನು ಅದನ್ನು ತೊಟ್ಟು ಮೆರೆಯಬಹುದು. ಹೆಸರಿನ ಹಂಗಿನಲ್ಲಿರುವವನು ಸಾಲಗಾರ. ರಬಕವಿಯವನೆಂದು ಹೇಳಿಕೊಳ್ಳುವವನಿಗೆ ಅಲ್ಲಿಯ ನೇಕಾರನ ಮಗ್ಗದ ಚಿಂತೆಯೂ ಸೇರಿಯೇ ಬರುತ್ತದೆ. ಮುಳುಗಿದ ಹಳ್ಳಿಯ ಹೆಸರನ್ನು ಹೊಸ ಬಡಾವಣೆಯ ಫಲಕದ ಮೇಲೆ ಬರೆಸಿದವರು ಅಲ್ಲಿಗೆ ದಾರಿಯನ್ನೂ ನೀರನ್ನೂ ಒದಗಿಸಲು ಬಾಧ್ಯರು. ಇಲ್ಲವಾದರೆ ಅದು ಮಂಗಳದ ಹೆಸರಿನಂತೆ ಬರಿಯ ಗುರುತು. ಗೌರವವಿಲ್ಲದೆ ಹೆಸರಿಟ್ಟರೂ ಒಕ್ಕೂಟ ಅದನ್ನು ಬಚ್ಚಿಡಲಿಲ್ಲ. ನಾವಾದರೋ ಗೌರವದ ಮಾತನಾಡಿ ಗುರುತು ಹಚ್ಚಿ ಹೊರಟುಬಿಡುತ್ತೇವೆ. ಎರಡರಲ್ಲಿ ಪ್ರಾಮಾಣಿಕತೆ ಯಾವುದರಲ್ಲಿದೆಯೆಂದು ಓದುಗರೇ ನಿರ್ಣಯಿಸಲಿ.